ಕನ್ನಡ ಮೈನ್‌ಕ್ರಾಫ್ಟ್ ಚಾನೆಲ್: ಲಿಂಕ್ ಹಾಕಿದ ಕಡೆಯೆಲ್ಲ ಮಾಯ, ಎಲ್ಲಿ ಹೇಗೆ ಹಂಚೋದು?

ರೆಡ್‌ಸ್ಟೋನ್_ರಂಗ

ಎಲ್ಲರಿಗೂ ನಮಸ್ಕಾರ. ಮೈನ್‌ಕ್ರಾಫ್ಟ್ ಬಗ್ಗೆ ಕನ್ನಡದಲ್ಲಿ ಮಾಡೋ ಸಣ್ಣ ಯೂಟ್ಯೂಬ್ ಚಾನೆಲ್, ಇನ್ನೂ 200 ಸಬ್‌ಸ್ಕ್ರೈಬರ್ಸ್ ಆಗಿಲ್ಲ. ಫಾರ್ಮ್ (ಗೇಮಲ್ಲಿ ವಸ್ತುಗಳನ್ನ ತಾನಾಗೇ ಕೊಡೋ ಕಟ್ಟಡ) ಕಟ್ಟೋದು, ರೆಡ್‌ಸ್ಟೋನ್ (ಗೇಮಿನ ಕರೆಂಟ್ ಥರದ್ದು), 4 ಜಿಬಿ ರ‍್ಯಾಮ್ ಲ್ಯಾಪ್‌ಟಾಪಲ್ಲಿ ಗೇಮ್ ಓಡಿಸೋ ಸೆಟ್ಟಿಂಗ್, ಇಂಥವು. ಒಂದೊಂದು ವಿಡಿಯೋ 10ರಿಂದ 14 ನಿಮಿಷ.

ರೆಡಿಟ್‌ನಲ್ಲಿ ಲಿಂಕ್ ಹಾಕಿದ್ರೆ ವೋಟೂ ಇಲ್ಲ, ಕಾಮೆಂಟೂ ಇಲ್ಲ. ಡಿಸ್ಕಾರ್ಡ್‌ನ ಸೆಲ್ಫ್ ಪ್ರೊಮೋ ಚಾನೆಲಲ್ಲಿ ಬೇರೆಯವರ ಲಿಂಕ್‌ಗಳ ರಾಶಿಯಲ್ಲಿ ಕಳೆದುಹೋಗುತ್ತೆ. ಫೇಸ್‌ಬುಕ್ ಗ್ರೂಪುಗಳಲ್ಲಿ "ನೀವು ನನಗೆ ಸಬ್ ಮಾಡಿ, ನಾನು ನಿಮಗೆ ಮಾಡ್ತೀನಿ" ಅನ್ನೋರೇ ಜಾಸ್ತಿ. ಯೂಟ್ಯೂಬ್ ಸ್ಟುಡಿಯೋ ತೆಗೆದು ನೋಡಿದ್ರೆ ಎಕ್ಸ್‌ಟರ್ನಲ್‌ನಿಂದ (ಯೂಟ್ಯೂಬ್ ಹೊರಗಿನ ಲಿಂಕ್‌ಗಳಿಂದ) ಬಂದವರು ಅರ್ಧ ನಿಮಿಷಕ್ಕೇ ಎದ್ದು ಹೋಗ್ತಿದ್ದಾರೆ. ಎಲ್ಲಿ, ಯಾವ ರೀತಿ ಹಂಚಬೇಕು? ಹೀಗೆ ಬಂದು ಹೋಗೋರಿಂದ ಸಿಟಿಆರ್ (ಥಂಬ್‌ನೇಲ್ ಕಂಡಾಗ ಶೇಕಡಾ ಎಷ್ಟು ಸಲ ಒತ್ತಿದ್ರು ಅನ್ನೋ ಲೆಕ್ಕ) ಬಿದ್ದು ಚಾನೆಲ್‌ಗೇ ಪೆಟ್ಟು ಬೀಳುತ್ತಾ?

ಸೊರಬದ_ಸ್ಟೀವ್

ಮೊದಲು ರೆಡಿಟ್. ನಿಮ್ಮ ಪೋಸ್ಟ್ ಯಾರೂ ಇಷ್ಟಪಡಲಿಲ್ಲ ಅಂತಲ್ಲ, ಬಹುಶಃ ಯಾರಿಗೂ ಕಂಡೇ ಇಲ್ಲ. ಇನ್‌ಕಾಗ್ನಿಟೋ ವಿಂಡೋದಲ್ಲಿ, ಲಾಗಿನ್ ಆಗದೆ, ಆ ಸಬ್‌ರೆಡಿಟ್‌ನ (ರೆಡಿಟ್ ಒಳಗಿನ ಒಂದು ವಿಷಯದ ಗುಂಪು) 'ನ್ಯೂ' ಪಟ್ಟಿ ತೆಗೆದು ನೋಡಿ. ಅಲ್ಲಿ ಇಲ್ಲದಿದ್ದರೆ ಆಟೋಮಾಡರೇಟರ್ (ನಿಯಮ ನೋಡಿ ಪೋಸ್ಟ್ ತೆಗೆಯುವ ಬಾಟ್) ಅಥವಾ ಸ್ಪ್ಯಾಮ್ ಫಿಲ್ಟರ್ ತೆಗೆದಿದೆ. ನಿಮಗೆ ಮಾತ್ರ ಕಾಣಿಸುತ್ತಿರುತ್ತದೆ. ಅಕೌಂಟ್ ಹೊಸದು, ಕರ್ಮ (ವೋಟುಗಳಿಂದ ಸಿಗುವ ಅಂಕ) ಕಡಿಮೆ, ಒಂದೇ ಲಿಂಕ್ ಒಂದೇ ದಿನ ನಾಲ್ಕಾರು ಕಡೆ ಬಿದ್ದಿದೆ, ಲಿಂಕ್ ಶಾರ್ಟನರ್ ಬಳಸಿದೆ: ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು ಕಾರಣ. ಅಳಿಸಿ ಮತ್ತೆ ಹಾಕಲು ಹೋಗಬೇಡಿ, ಫಿಲ್ಟರ್‌ಗೆ ಅದು ಇನ್ನಷ್ಟು ಸ್ಪ್ಯಾಮ್ ಆಗಿ ಕಾಣುತ್ತದೆ. ಮಾಡ್‌ಮೇಲ್‌ನಲ್ಲಿ (ಸಬ್‌ರೆಡಿಟ್ ನಡೆಸುವವರಿಗೆ ಹೋಗುವ ಸಂದೇಶ) ಎರಡು ಸಾಲು ಬರೆದು ಕೇಳಿ.

ಎರಡನೆಯದು, ಜಾಗದ ಆಯ್ಕೆ. ನ್ಯೂಟ್ಯೂಬರ್ಸ್‌ನಂಥ ಸಬ್‌ರೆಡಿಟ್‌ಗಳಲ್ಲಿ ಇರುವವರೆಲ್ಲ ನಿಮ್ಮ ಹಾಗೆಯೇ ಚಾನೆಲ್ ಇಟ್ಟುಕೊಂಡವರು. ಥಂಬ್‌ನೇಲ್ ಹೇಗಿದೆ ಎಂದು ಕೇಳಲು ಅದು ಒಳ್ಳೆಯ ಜಾಗ, ವೀಕ್ಷಕರು ಅಲ್ಲಿ ಸಿಗುವುದಿಲ್ಲ. ಡಿಸ್ಕಾರ್ಡ್‌ನ ಪ್ರೊಮೋ ಚಾನೆಲ್ ಕಥೆಯೂ ಅದೇ, ಹಾಕುವವರಷ್ಟೇ ಬರುತ್ತಾರೆ. ವೀಕ್ಷಕರು ಇರುವುದು 'ನನ್ನ ಐರನ್ ಫಾರ್ಮ್ ಯಾಕೆ ಕೆಲಸ ಮಾಡ್ತಿಲ್ಲ' ಎಂದು ಯಾರೋ ಕೇಳಿದ ಥ್ರೆಡ್ಡಿನಲ್ಲಿ. ಅಲ್ಲಿಗೆ ಹೋಗಿ, ಆದರೆ ಲಿಂಕ್ ಹಿಡಿದುಕೊಂಡಲ್ಲ, ಉತ್ತರ ಹಿಡಿದುಕೊಂಡು.

ಐರನ್ ಫಾರ್ಮನ್ನೇ (ಐರನ್ ಗೋಲೆಮ್ ಎಂಬ ಜೀವಿ ಹುಟ್ಟಿಸಿ ಅದರಿಂದ ಕಬ್ಬಿಣ ಪಡೆಯುವ ಕಟ್ಟಡ) ತೆಗೆದುಕೊಳ್ಳೋಣ. ನೂರಕ್ಕೆ ಎಷ್ಟೋ ಸಲ ತೊಂದರೆ ಏನೆಂದರೆ ಜಾವಾದ (ಮೈನ್‌ಕ್ರಾಫ್ಟ್‌ನ ಪಿಸಿ ಆವೃತ್ತಿ) ಡಿಸೈನ್ ನೋಡಿ ಬೆಡ್‌ರಾಕ್‌ನಲ್ಲಿ (ಫೋನ್, ಕನ್ಸೋಲ್‌ಗಳಲ್ಲೂ ಓಡುವ ಆವೃತ್ತಿ) ಕಟ್ಟಿರುತ್ತಾರೆ. ಜಾವಾದಲ್ಲಿ 3 ವಿಲೇಜರ್ (ಗೇಮಿನ ಹಳ್ಳಿಗರು), ಅವರಿಗೆ ಮಲಗಲು ಹಾಸಿಗೆ, ಹೆದರಿಸಲು ಒಂದು ಜೋಂಬಿ ಇದ್ದರೆ ಸಾಕು. ಜೋಂಬಿಗೆ ನೇಮ್ ಟ್ಯಾಗ್ ಹಾಕದಿದ್ದರೆ ನೀವು ದೂರ ಹೋದಾಗ ಮಾಯವಾಗುತ್ತದೆ. ಬೆಡ್‌ರಾಕ್‌ನಲ್ಲಿ ಜೋಂಬಿಗೂ ಗೋಲೆಮ್‌ಗೂ ಸಂಬಂಧವೇ ಇಲ್ಲ. ಅಲ್ಲಿ ಕನಿಷ್ಠ 20 ಹಾಸಿಗೆ, 10 ವಿಲೇಜರ್ ಬೇಕು, ಅವರಲ್ಲಿ ಶೇ. 75 ಮಂದಿ ಹಿಂದಿನ ದಿನ ತಮ್ಮ ವರ್ಕ್‌ಸ್ಟೇಷನ್‌ನಲ್ಲಿ ಕೆಲಸ ಮಾಡಿರಬೇಕು. ಇಷ್ಟನ್ನು ಕಾಮೆಂಟಿನಲ್ಲೇ ಪೂರ್ತಿ ಬರೆಯಿರಿ. ಓದುವವರ ಕೆಲಸ ಲಿಂಕ್ ಒತ್ತದೆಯೇ ಮುಗಿಯಬೇಕು. ಕೊನೆಗೆ 'ಹಾಸಿಗೆ ಜೋಡಿಸುವುದನ್ನು ಇಲ್ಲಿ ನೋಡಬಹುದು, ಆಡಿಯೋ ಕನ್ನಡದಲ್ಲಿದೆ, ವಿಡಿಯೋ ನನ್ನದೇ' ಎಂದು ಲಿಂಕ್ ಕೊಡಿ. ನಿಮ್ಮದೇ ಎನ್ನುವುದನ್ನು ಮುಚ್ಚಿಡಬೇಡಿ, ಪ್ರೊಫೈಲ್ ತೆಗೆದು ನೋಡುವವರು ಇದ್ದೇ ಇರುತ್ತಾರೆ.

ಲಿಂಕ್ ವಿಡಿಯೋದ ಮೊದಲಿಗೆ ಹೋಗಬಾರದು. ಬ್ರೌಸರ್‌ನಲ್ಲಿ ವಿಡಿಯೋ ತೆಗೆದು, ಶೇರ್ ಒತ್ತಿ, 'ಸ್ಟಾರ್ಟ್ ಅಟ್' ಗುರುತು ಹಾಕಿದರೆ ಹಾಸಿಗೆ ಜೋಡಿಸುವ ಕ್ಷಣಕ್ಕೇ ಕರೆದೊಯ್ಯುತ್ತದೆ. ನಿಮ್ಮವರು ಅರ್ಧ ನಿಮಿಷಕ್ಕೆ ಎದ್ದು ಹೋಗಲು ಮುಖ್ಯ ಕಾರಣ ಇದೇ ಇರಬಹುದು: ಪ್ರಶ್ನೆಯ ಉತ್ತರ ಆರನೇ ನಿಮಿಷದಲ್ಲಿ, ಮೊದಲ ನಿಮಿಷದಲ್ಲಿ ಲೋಗೋ ಅನಿಮೇಷನ್ ಮತ್ತು 'ಬೆಲ್ ಐಕಾನ್ ಒತ್ತಿ'. ಶೀರ್ಷಿಕೆಯಲ್ಲಿ ಜಾವಾನೋ ಬೆಡ್‌ರಾಕೋ ಎಂಬುದು, ಯಾವ ವರ್ಷನ್ ಎಂಬುದು ಇರಲೇಬೇಕು. ಇಲ್ಲದಿದ್ದರೆ 'ವರ್ಕ್ ಆಗ್ತಿಲ್ಲ' ಎಂಬ ಕಾಮೆಂಟುಗಳ ಸಾಲು ಗ್ಯಾರಂಟಿ.

ಇಂಗ್ಲಿಷ್ ಸಬ್‌ರೆಡಿಟ್‌ಗಳಿಗೆ ಕನ್ನಡದ ಪೂರ್ತಿ ವಿಡಿಯೋ ಹಾಕುವುದರಲ್ಲಿ ಅರ್ಥವಿಲ್ಲ. ಅಲ್ಲಿಗೆ ಮಾತಿಲ್ಲದ 20 ಸೆಕೆಂಡಿನ ತುಣುಕು, ಯಂತ್ರ ಓಡುತ್ತಿರುವುದು, ನೇರ ಅಪ್‌ಲೋಡ್. ಅದೇ ತುಣುಕು ಡಿಸ್ಕಾರ್ಡ್‌ಗೂ ಆಗುತ್ತದೆ, ಆದರೆ ಅಲ್ಲಿ ನೈಟ್ರೋ (ದುಡ್ಡು ಕಟ್ಟುವ ಚಂದಾ) ಇಲ್ಲದವರಿಗೆ ಮಿತಿ 10 ಎಂಬಿ. 20 ಸೆಕೆಂಡಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 4 ಮೆಗಾಬಿಟ್ ಒಳಗೇ ಇರಬೇಕು. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಕುಗ್ಗಿಸುವ ಪ್ರೋಗ್ರಾಂನಲ್ಲಿ 720ಪಿ, 30 ಫ್ರೇಮ್, ಸರಾಸರಿ ಬಿಟ್‌ರೇಟ್ (ಸೆಕೆಂಡಿಗೆ ಕಿಲೋಬಿಟ್) 3500, ಆಡಿಯೋ 128 ಇಟ್ಟರೆ ಸುಮಾರು 9 ಎಂಬಿಗೆ ನಿಲ್ಲುತ್ತದೆ. 1080ಪಿ 60 ಫ್ರೇಮ್ ಇಟ್ಟು ಇದೇ ಬಿಟ್‌ರೇಟಿಗೆ ಒತ್ತಿದರೆ ಎಲೆ, ಹುಲ್ಲು ಎಲ್ಲ ಕಲಸಿಹೋಗುತ್ತದೆ.

ಯಾರೂ ಹೆಚ್ಚು ಬಳಸದ ಇನ್ನೊಂದು ಜಾಗ ಪ್ಲಾನೆಟ್ ಮೈನ್‌ಕ್ರಾಫ್ಟ್ ಎಂಬ ಸೈಟು. ಕಟ್ಟಿದ್ದರ ವರ್ಲ್ಡ್ ಡೌನ್‌ಲೋಡ್ ಹಾಕಿ, ಅದೇ ಪುಟದಲ್ಲಿ ಯೂಟ್ಯೂಬ್ ವಿಡಿಯೋ ಸೇರಿಸಬಹುದು. ಡೌನ್‌ಲೋಡ್ ಮಾಡಿಕೊಂಡವನಿಗೆ ಅದನ್ನು ಬಳಸುವುದು ಹೇಗೆಂದು ತಿಳಿಯಬೇಕು, ಹಾಗಾಗಿ ವಿಡಿಯೋ ನೋಡುತ್ತಾನೆ. ಬೇರೆಲ್ಲ ಕಡೆಗಿಂತ ನನಗೆ ಇದು ಹೆಚ್ಚು ಇಷ್ಟ.

ಅನಾಲಿಟಿಕ್ಸ್_ಅಜ್ಜ

ಸಿಟಿಆರ್ ಭಯ ಬಿಡಿ. ಸ್ಟುಡಿಯೋದಲ್ಲಿ ಕಾಣುವ ಇಂಪ್ರೆಷನ್ ಸಿಟಿಆರ್ ಯೂಟ್ಯೂಬ್ ಒಳಗೆ ನಿಮ್ಮ ಥಂಬ್‌ನೇಲ್ ಕಂಡದ್ದನ್ನು ಮಾತ್ರ ಲೆಕ್ಕ ಹಾಕುತ್ತದೆ. ರೆಡಿಟ್, ವಾಟ್ಸಾಪ್, ಡಿಸ್ಕಾರ್ಡ್‌ನಿಂದ ಬಂದವರು ಆ ಲೆಕ್ಕದಲ್ಲೇ ಇಲ್ಲ. ಅರ್ಧದಷ್ಟು ಚಾನೆಲ್, ವಿಡಿಯೋಗಳ ಸಿಟಿಆರ್ 2ರಿಂದ 10 ಶೇಕಡಾ ನಡುವೆ ಇರುತ್ತದೆ ಎಂದು ಯೂಟ್ಯೂಬೇ ಹೇಳಿದೆ.

ಹೊರಗಿನಿಂದ ಬಂದವರು ಕೆಳಗೆ ಎಳೆಯುವುದು ಸರಾಸರಿ ವೀಕ್ಷಣಾ ಅವಧಿಯನ್ನು. ಅದನ್ನು ಒಟ್ಟಾಗಿ ನೋಡಿ ಗಾಬರಿಯಾಗಬೇಡಿ. ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ, ಟ್ರಾಫಿಕ್ ಸೋರ್ಸ್, ಅದರೊಳಗೆ ಎಕ್ಸ್‌ಟರ್ನಲ್ ಒತ್ತಿದರೆ ಯಾವ ಸೈಟು, ಆ್ಯಪ್‌ನಿಂದ ಎಷ್ಟು ಜನ ಬಂದರು, ಸರಾಸರಿ ಎಷ್ಟು ಹೊತ್ತು ಕೂತರು ಎಂದು ಬೇರೆ ಬೇರೆ ಸಾಲು ಸಿಗುತ್ತದೆ. ಒಂದು ಕಡೆಯಿಂದ ಬಂದವರು 30 ಸೆಕೆಂಡ್, ಇನ್ನೊಂದು ಕಡೆಯವರು 4 ನಿಮಿಷ ಕೂತಿದ್ದರೆ ಮುಂದಿನ ವಾರ ಎಲ್ಲಿಗೆ ಹೋಗಬೇಕೆಂದು ಬೇರೆಯವರನ್ನು ಕೇಳಬೇಕಿಲ್ಲ. ಯಾರಾದರೂ ಲಿಂಕ್ ಕಾಪಿ ಮಾಡಿ ಅಂಟಿಸಿಕೊಂಡು ನೋಡಿದರೆ 'ಡೈರೆಕ್ಟ್ ಆರ್ ಅನ್‌ನೋನ್' ಕೆಳಗೆ ಬೀಳುತ್ತದೆ, ಅದನ್ನೂ ಗಮನದಲ್ಲಿಡಿ.

ಸಬ್ ಫಾರ್ ಸಬ್ ಹತ್ತಿರವೂ ಸುಳಿಯಬೇಡಿ. ಯೂಟ್ಯೂಬ್‌ನ ಫೇಕ್ ಎಂಗೇಜ್‌ಮೆಂಟ್ ನಿಯಮಕ್ಕೆ ನೇರ ವಿರುದ್ಧ. ಹಾಗೆ ಬಂದವರು ವಿಡಿಯೋ ನೋಡುವುದೂ ಇಲ್ಲ. ಪಾರ್ಟ್‌ನರ್ ಪ್ರೋಗ್ರಾಂನ (ಚಾನೆಲ್‌ನಿಂದ ಹಣ ಗಳಿಸುವ ಯೂಟ್ಯೂಬ್ ವ್ಯವಸ್ಥೆ) ಮೊದಲ ಹಂತಕ್ಕೆ 500 ಸಬ್‌ಸ್ಕ್ರೈಬರ್, 90 ದಿನದಲ್ಲಿ 3 ಸಾರ್ವಜನಿಕ ವಿಡಿಯೋ, ಜೊತೆಗೆ 12 ತಿಂಗಳಲ್ಲಿ 3000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ 30 ಲಕ್ಷ ಶಾರ್ಟ್ಸ್ ವ್ಯೂ. ಜಾಹೀರಾತು ಹಣಕ್ಕೆ 1000 ಮಂದಿ, 4000 ಗಂಟೆ ಅಥವಾ 1 ಕೋಟಿ ಶಾರ್ಟ್ಸ್ ವ್ಯೂ. ಸಬ್‌ಸ್ಕ್ರೈಬರ್ ಸಂಖ್ಯೆ ಹೇಗೋ ದಾಟಬಹುದು, ಎಲ್ಲರೂ ಸಿಕ್ಕಿಬೀಳುವುದು ಗಂಟೆಗಳ ಲೆಕ್ಕದಲ್ಲಿ. ಶಾರ್ಟ್ಸ್ ಫೀಡ್‌ನ ವೀಕ್ಷಣೆ ಆ ಗಂಟೆಗಳಿಗೆ ಸೇರುವುದಿಲ್ಲ.

ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟಿನಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಲು ಬರುವುದಿಲ್ಲ. ಬದಲಿಗೆ ಸ್ಟುಡಿಯೋದಲ್ಲಿ ಆ ಶಾರ್ಟ್‌ನ ಎಡಿಟ್‌ಗೆ ಹೋಗಿ 'ರಿಲೇಟೆಡ್ ವಿಡಿಯೋ' ಜಾಗದಲ್ಲಿ ಉದ್ದದ ವಿಡಿಯೋ ಆರಿಸಿ.

ಹುಬ್ಳಿ_ಹಾಪರ್

ಮ್ಯಾಲಿನವರು ಹೇಳಿದ್ದೆಲ್ಲಾ ಖರೆ ಐತಿ, ಕನ್ನಡದ ವಿಷಯ ಒಂದೆರಡು ಸೇರಸ್ತೀನ್ರಿ. ಹುಡುಕೋ ಹುಡುಗರು 'ಮೈನ್‌ಕ್ರಾಫ್ಟ್ ಕನ್ನಡ' ಅಂತ ಇಂಗ್ಲಿಷ್ ಅಕ್ಷರದಾಗ ಟೈಪ್ ಮಾಡೂದು ಜಾಸ್ತಿ. ಶೀರ್ಷಿಕೆ ಎರಡೂ ಲಿಪಿಯೊಳಗ ಇರ್ಲಿ, ಆದ್ರ ಮೊದಲ ನಾಲ್ಕೈದು ಪದದಾಗನ ವಿಷಯ ಬಂದುಬಿಡ್ಬೇಕು, ಮೊಬೈಲ್‌ನ್ಯಾಗ ಉಳಿದದ್ದು ಕತ್ತರಿಸಿ ಹೋಗತೈತಿ. ಇನ್ನ, ಜಾವಾ ಆವೃತ್ತಿಯ ಲ್ಯಾಂಗ್ವೇಜ್ ಪಟ್ಟಿಯೊಳಗ ಕನ್ನಡ ಐತಿ, ಭಾಳ ಮಂದಿಗೆ ಗೊತ್ತಿಲ್ಲ. ಅದರ ಮ್ಯಾಲೆ ಒಂದು ವಿಡಿಯೋ ಮಾಡಿದ್ರ ಗೇಮರ್ ಅಲ್ಲದ ಕನ್ನಡ ಗುಂಪಿನ್ಯಾಗೂ ಹಂಚಬಹುದು.

ಗುಂಪು ಕಟ್ಟಬೇಕಂದ್ರ ಸರ್ವರ್ ಇಡ್ರಿ. ನಮ್ಮ ಕಡೆ ಫೋನ್‌ನ್ಯಾಗ ಬೆಡ್‌ರಾಕ್ ಆಡೋರ ಬಾಳ, ಬರೇ ಜಾವಾ ಸರ್ವರ್ ಇಟ್ರ ಅವರು ಬರಾಕ ಆಗೂದಿಲ್ಲ. ಪೇಪರ್ (ಜಾವಾ ಸರ್ವರ್ ಸಾಫ್ಟ್‌ವೇರ್) ಸರ್ವರ್‌ಗೆ ಗೈಸರ್ (ಬೆಡ್‌ರಾಕ್‌ನವರನ್ನ ಜಾವಾ ಸರ್ವರ್‌ಗೆ ಸೇರಸೂದು), ಫ್ಲಡ್‌ಗೇಟ್ (ಜಾವಾ ಖಾತೆ ಇಲ್ದ ಅವರನ್ನ ಒಳಗ ಬಿಡೂದು) ಪ್ಲಗಿನ್ ಎರಡೂ ಹಾಕ್ರಿ. ಜಾವಾಕ್ಕ 25565 ಟಿಸಿಪಿ, ಬೆಡ್‌ರಾಕ್‌ಗೆ 19132 ಯುಡಿಪಿ ಪೋರ್ಟ್ ತೆಗೀರಿ. ಎರಡನೇದ್ದು ತೆಗೆದಿಲ್ಲಂದ್ರ 'ಪಿಸಿಯವರು ಬರ್ತಾರ, ಫೋನಿನವರು ಬರಾಂಗಿಲ್ಲ' ಅಂತ ಗೋಳು. ಫ್ಲಡ್‌ಗೇಟ್‌ನಿಂದ ಬಂದವರ ಹೆಸರಿನ ಮುಂದ ಒಂದು ಚುಕ್ಕಿ ಇರ್ತೈತಿ, ವೈಟ್‌ಲಿಸ್ಟ್‌ನ್ಯಾಗ (ಒಳಗ ಬಿಡೋರ ಪಟ್ಟಿ) ಅದನ್ನ ಬಿಟ್ರ ಒಳಗ ಬಿಡೂದಿಲ್ಲ. ಮನಿ ಐಪಿ ಮಾತ್ರ ಎಲ್ಲಾರಿಗೂ ಹಂಚಬ್ಯಾಡ್ರಿ, ಬಾಡಿಗಿ ಹೋಸ್ಟ್ ತಗೋರಿ.

ರೆಡ್‌ಸ್ಟೋನ್_ರಂಗ

ತುಂಬಾ ಥ್ಯಾಂಕ್ಸ್. ಇನ್‌ಕಾಗ್ನಿಟೋದಲ್ಲಿ ನೋಡಿದೆ, ಪೋಸ್ಟ್ ಇಲ್ಲವೇ ಇಲ್ಲ. ಮಾಡ್‌ಮೇಲ್ ಕಳಿಸ್ತೀನಿ. ಇನ್ನೊಂದು: ಡಿಸ್ಕಾರ್ಡ್‌ನಲ್ಲಿ ಇಬ್ಬರು ಮೆಸೇಜ್ ಮಾಡಿದ್ದಾರೆ. ಒಬ್ಬರು ದುಡ್ಡು ಕಟ್ಟಿ ಆಡೋ ರಮ್ಮಿ ಆ್ಯಪ್ ಪ್ರೊಮೋಷನ್‌ಗೆ, ಇನ್ನೊಬ್ಬರು ಅವರ ಹೊಸ ಗೇಮ್ ಆಡಿ ವಿಡಿಯೋ ಮಾಡಿ ಅಂತ ಜಿಪ್ ಫೈಲ್ ಕಳಿಸಿದ್ದಾರೆ. ಒಪ್ಕೋಬಹುದಾ?

ನೆದರ್_ನಾಣಿ

ಎರಡಕ್ಕೂ ಬೇಡ.

ರಮ್ಮಿ: ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ 2025ರ ಪ್ರಕಾರ ಹಣ ಕಟ್ಟಿ ಆಡುವ ಆಟದ ಜಾಹೀರಾತಿಗೇ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚಾನೆಲ್ ಸಣ್ಣದು ಎಂಬ ರಿಯಾಯಿತಿ ಅದರಲ್ಲಿಲ್ಲ.

ಜಿಪ್: ತೆಗೆಯಲೇಬೇಡಿ. ಪಾಸ್‌ವರ್ಡ್ ಹಾಕಿದ ಜಿಪ್ ಆಗಿದ್ದರೆ ಆಂಟಿವೈರಸ್ ಒಳಗೆ ನೋಡಲಿಕ್ಕೆ ಆಗಬಾರದು ಅಂತಲೇ ಹಾಗೆ ಕಳಿಸಿರುತ್ತಾರೆ. ಕೆಲವರು ಫೈಲನ್ನು 700 ಎಂಬಿ ದಾಟಿಸಿ ಉಬ್ಬಿಸಿರುತ್ತಾರೆ, ಫೈಲ್ ತಪಾಸಣೆ ಮಾಡುವ ವೈರಸ್‌ಟೋಟಲ್ ಸೈಟಿನ ಮಿತಿ 650 ಎಂಬಿ. ಒಳಗಿರುವುದು ಬ್ರೌಸರ್‌ನ ಸೆಷನ್ ಕುಕಿ (ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂಬ ಗುರುತು) ಕದಿಯುವ ಪ್ರೋಗ್ರಾಂ. ಕುಕಿ ಹೋದರೆ ಟೂ ಸ್ಟೆಪ್ ವೆರಿಫಿಕೇಷನ್ ಇದ್ದರೂ ಚಾನೆಲ್ ಹೋಯಿತು, ಯಾಕೆಂದರೆ ಕಳ್ಳ ಹೊಸದಾಗಿ ಲಾಗಿನ್ ಆಗುವುದೇ ಇಲ್ಲ. ನಿಜವಾದ ಡೆವಲಪರ್ ಆದರೆ ಸ್ಟೀಮ್ ಕೀ (ಸ್ಟೀಮ್ ಎಂಬ ಗೇಮ್ ಅಂಗಡಿಯಲ್ಲಿ ಗೇಮ್ ಪಡೆಯುವ ಕೋಡ್) ಕೊಡುತ್ತಾನೆ, ಅದನ್ನೇ ಕೇಳಿ ನೋಡಿ.

ಆಗಲೇ ಓಪನ್ ಮಾಡಿದ್ದರೆ ಆ ಕಂಪ್ಯೂಟರ್‌ನ ನೆಟ್ ಕಿತ್ತು, ಬೇರೆ ಸಾಧನದಿಂದ ಗೂಗಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಸ್ಟುಡಿಯೋ ಸೆಟ್ಟಿಂಗ್ಸ್‌ನ ಪರ್ಮಿಷನ್ಸ್‌ನಲ್ಲಿ ಗುರುತಿಲ್ಲದವರಿದ್ದರೆ ತೆಗೆಯಿರಿ. ಚಾನೆಲ್ ಹೆಸರೇ ಬದಲಾಗಿಹೋಗಿದ್ದರೆ ಎಕ್ಸ್‌ನಲ್ಲಿ ಟೀಮ್‌ಯೂಟ್ಯೂಬ್ ಖಾತೆಗೆ ಬರೆಯಿರಿ. ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಹೊಸದಾಗಿ ಹಾಕುವವರೆಗೆ ಯಾವ ಖಾತೆಗೂ ಲಾಗಿನ್ ಆಗಬೇಡಿ.