ಸಹಾಯ ಬೇಕು: ಹತ್ತೇ ನಿಮಿಷಕ್ಕೆ ಆರುವ ಹೆಚ್ಚುವರಿ ದೀಪಗಳು

ನನ್ನ ಜೀಪಿನ ಮುಂದೆ ಹಾಕಿಸಿದ ಎರಡು ಎಲ್‌ಇಡಿ ದೀಪಗಳು ಹೊತ್ತಿಸಿದ ಹತ್ತು ನಿಮಿಷಕ್ಕೆ ಒಟ್ಟಿಗೇ ಆರಿಹೋಗುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಉರಿಯುತ್ತವೆ. ಫ್ಯೂಸ್ ಸುಟ್ಟಿಲ್ಲ. ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಅರ್ಧ ಗಂಟೆಯಾದರೂ ಆರುವುದಿಲ್ಲ, ಆದ್ದರಿಂದ ದೋಷ ದೀಪಗಳದ್ದಲ್ಲ.

ಆರಿದ ಕ್ಷಣದಲ್ಲೇ ಮಲ್ಟಿಮೀಟರ್ ಹಿಡಿದು ನೋಡಿದೆ. ಸ್ವಿಚ್ ಹಾಕಿದಾಗ ದೀಪಗಳಿಗೆ ಕರೆಂಟ್ ಬಿಡುವ ರಿಲೇಯಲ್ಲಿ, ಬ್ಯಾಟರಿಯ ಕರೆಂಟ್ ಬರುವ 30ನೇ ಪಿನ್ನಿನಲ್ಲಿ 13.8 ವೋಲ್ಟ್ ಇದೆ, ದೀಪಗಳಿಗೆ ಹೋಗುವ 87ರಲ್ಲಿ ಏನೂ ಇಲ್ಲ. ರಿಲೇಯನ್ನು ಚಾಲೂ ಮಾಡುವ ಕಾಯಿಲ್‌ನ 85 ಮತ್ತು 86ನೇ ಪಿನ್ನುಗಳ ನಡುವೆ 1 ವೋಲ್ಟ್ ಕೂಡ ಸಿಗುವುದಿಲ್ಲ. ಹೊಸ ರಿಲೇ ಹಾಕಿದರೂ ಇದೇ ಕಥೆ.

ನನ್ನ ಅನುಮಾನ ಸ್ವಿಚ್ಚಿನ ಮೇಲೆ. ಆದರೆ ಕಾಯಿಲ್‌ನ ಅರ್ತ್ ತಂತಿಯನ್ನು ಬಣ್ಣ ಕೆರೆಯದೆಯೇ ಜೀಪಿನ ಲೋಹದ ಮೈಗೆ ಬಿಗಿದಿದ್ದಾರೆ, ಅದೂ ಕಾಡುತ್ತಿದೆ. ಇವೆರಡರಲ್ಲಿ ತಪ್ಪು ಯಾವುದರದ್ದೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಕತ್ತಲ ತಿರುವಿನಲ್ಲಿ ದೀಪ ಆರಿದರೆ ಎದೆ ಝಲ್ಲೆನ್ನುತ್ತದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.