ಪಿಎಚ್‌ಪಿ ಹೊಸದಾಗಿ ಕಲೀತಿದೀನಿ, ಕನ್ನಡದಲ್ಲಿ ಹೆಸರು ಹಾಕಿದ್ರೆ ಫಾರ್ಮ್ ತಗೋತಿಲ್ಲ

ಹೊಸ_ಕೋಡಿಗ:
ನಮ್ಮ ಬೀದಿ ಗಣೇಶನ ಚಂದಾ ಲಿಸ್ಟ್‌ಗೆ ಒಂದು ಚಿಕ್ಕ ವೆಬ್ ಪೇಜ್ ಮಾಡೋಣ ಅಂತ ಪಿಎಚ್‌ಪಿ (ಸರ್ವರಲ್ಲಿ ಓಡೋ ಪ್ರೋಗ್ರಾಮಿಂಗ್ ಭಾಷೆ) ಶುರು ಮಾಡ್ದೆ. ಮೊದ್ಲು ಫೈಲ್ ಡಬಲ್ ಕ್ಲಿಕ್ ಮಾಡಿ ತೆಗೀತಿದ್ದೆ, ನಾ ಬರೆದ ಕೋಡೇ ಬ್ರೌಸರಲ್ಲಿ ಹಂಗಂಗೇ ಕಾಣ್ತಿತ್ತು, ಸರ್ವರ್‌ನ ಎಚ್‌ಟಿಡಾಕ್ಸ್ ಫೋಲ್ಡರ್ ಒಳಗಿಟ್ಟು ಬ್ರೌಸರಲ್ಲಿ ಲೋಕಲ್‌ಹೋಸ್ಟ್ (ನಮ್ಮ ಕಂಪ್ಯೂಟರ್‌ದೇ ವಿಳಾಸ) ಅಂತ ಟೈಪ್ ಮಾಡಿ ತೆಗೀಬೇಕು ಅಂತ ಗೊತ್ತಾಗೋಕೆ ಎರಡು ದಿನ ಹೋಯ್ತು. ಈಗ ಎರಡು ಪ್ರಾಬ್ಲಮ್ಮು. ಫ್ರೆಂಡ್ ಕೊಟ್ಟ ಪಿಡಿಎಫ್ ನೋಡ್ಕೊಂಡು ಡೇಟಾಬೇಸ್‌ಗೆ ಕನೆಕ್ಟ್ ಆಗೋಕೆ ಮೈಸೀಕ್ವೆಲ್_ಕನೆಕ್ಟ್ ಅಂತ ಬರೆದ್ರೆ ಅನ್‌ಡಿಫೈನ್ಡ್ ಫಂಕ್ಷನ್, ಅಂದ್ರೆ ಅಂಥ ಫಂಕ್ಷನ್ನೇ ಇಲ್ಲ, ಅನ್ನತ್ತೆ. ಇನ್ನೊಂದು, ಹೆಸರು 30 ಅಕ್ಷರ ದಾಟಬಾರ್ದು ಅಂತ ಉದ್ದ ಅಳೆಯೋ ಸ್ಟ್ರ್‌ಲೆನ್ ಫಂಕ್ಷನ್ ಹಾಕಿದೀನಿ, ಇಂಗ್ಲಿಷಲ್ಲಿ ಮಲ್ಲಿಕಾರ್ಜುನ ಅಂತ ಹಾಕಿದ್ರೆ ಸುಮ್ನೆ ತಗೊಳತ್ತೆ, ಕನ್ನಡದಲ್ಲಿ ಹಾಕಿದ್ರೆ ಉದ್ದ ಆಯ್ತು ಅಂತ ಬೈಯತ್ತೆ. ಯಾಕ್ರಪ್ಪಾ?

ಹಳೇಹುಲಿ:
ಆ ಪಿಡಿಎಫ್ ಮೊದ್ಲು ಡಿಲೀಟ್ ಮಾಡು ಮಾರಾಯ. ಮೈಸೀಕ್ವೆಲ್_ ಅಂತ ಶುರುವಾಗೋ ಹಳೇ ಫಂಕ್ಷನ್‌ಗಳನ್ನ 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಕಿತ್ತಾಕಿದಾರೆ, ನಿನ್ನ ಹತ್ರ ಇರೋದು 8 ಇರ್ಬೇಕು. ಪಿಡಿಒ (ಡೇಟಾಬೇಸ್ ಜೊತೆ ಮಾತಾಡೋಕೆ ಪಿಎಚ್‌ಪಿಲಿ ಈಗ ಇರೋ ದಾರಿ) ಕಲಿ, ಬರೀವಾಗ ಜನ ಟೈಪ್ ಮಾಡಿದ್ದನ್ನ ಸೀದಾ ಕ್ವೆರಿ (ಡೇಟಾಬೇಸ್‌ಗೆ ಕೊಡೋ ಆಜ್ಞೆ) ಒಳಗೆ ಅಂಟಿಸ್ಬೇಡ, ಮೊದ್ಲು ಕ್ವೆರಿನ ಪ್ರಿಪೇರ್ ಮಾಡಿ ಆಮೇಲೆ ಅವ್ರು ಟೈಪ್ ಮಾಡಿದ್ದನ್ನ ಎಕ್ಸಿಕ್ಯೂಟ್‌ಗೆ ಕೊಡು, ಇಲ್ಲಾಂದ್ರೆ ಯಾವನೋ ತರ್ಲೆ ಹೆಸರಿನ ಜಾಗದಲ್ಲಿ ಸೀಕ್ವೆಲ್ (ಕ್ವೆರಿ ಬರೆಯೋ ಭಾಷೆ) ಬರೆದು ನಿನ್ನ ಚಂದಾ ಲಿಸ್ಟೇ ಗುಡಿಸಿ ಹಾಕ್ತಾನೆ.

ಹೆಸರಿಂದು ಬೇರೆ ಕಥೆ. ಸ್ಟ್ರ್‌ಲೆನ್ ಎಣಿಸೋದು ಅಕ್ಷರ ಅಲ್ಲ, ಬೈಟು. ಯೂಟಿಎಫ್-8ರಲ್ಲಿ (ಅಕ್ಷರಗಳನ್ನ ಬೈಟ್ ಮಾಡಿ ಇಡೋ ಪದ್ಧತಿ) ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಕೋಡ್‌ಗೂ (ಒಂದೊಂದು ಚಿಹ್ನೆಗೆ ಕೊಟ್ಟಿರೋ ನಂಬರ್) 3. ಮಲ್ಲಿಕಾರ್ಜುನ ನಮ್ ಕಣ್ಣಿಗೆ ಐದೇ ಅಕ್ಷರ, ಆದ್ರೆ ಒಳಗೆ ವ್ಯಂಜನ, ಒತ್ತಿನ ಹಲಂತ, ಗುಡಿಸು, ಕೊಂಬು ಎಲ್ಲಾ ಬೇರೆ ಬೇರೆ ಕೂತಿರ್ತಾವೆ, ಒಟ್ಟು 12 ಕೋಡು, 36 ಬೈಟು. ಅದಕ್ಕೇ 30 ದಾಟ್ತು. ಎಂಬಿ_ಸ್ಟ್ರ್‌ಲೆನ್ ಹಾಕು, ಅದು ಬೈಟ್ ಬಿಟ್ಟು ಕೋಡ್ ಎಣಿಸತ್ತೆ, 12 ಕೊಡತ್ತೆ. ಐದು ಅಂತೂ ಬರಲ್ಲ, ಆಸೆ ಬೇಡ.

ಫ್ರಂಟೆಂಡ್_ಪ್ರೇಮಿ:
ಈ ಕಾಲದಲ್ಲಿ ಪಿಎಚ್‌ಪಿ ಯಾಕ್ ಗುರು, ಜಾವಾಸ್ಕ್ರಿಪ್ಟ್ ಕಲಿ. ಅದ್ರಲ್ಲಿ ಲೆಂತ್ ಕೇಳಿದ್ರೆ ಸೀದಾ 12 ಅನ್ನತ್ತೆ.

ಹಳೇಹುಲಿ:
ಶುರುವಾಯ್ತು ನೋಡು. ಡೇಟಾಬೇಸ್‌ಗೆ ಸೇರ್ಸೋಕೆ ಸರ್ವರ್ ಕಡೆ ಏನಾದ್ರೂ ಬೇಕೇ ಬೇಕು, ಅವ್ನು ಒಂದು ಹಿಡ್ಕೊಂಡಿದಾನೆ, ಮುಗ್ಸೋಕೆ ಬಿಡು. ಹಬ್ಬ ಹತ್ರ ಬಂತು.

ಹೊಸ_ಕೋಡಿಗ:
ಮಲ್ಲಿಕಾರ್ಜುನ ಒಳಗೆ ಬಂದ, ಥ್ಯಾಂಕ್ಸ್ ಅಣ್ಣಾ. ಪಿಡಿಒನೂ ಕನೆಕ್ಟ್ ಆಯ್ತು. ಇನ್ನೊಂದೇ ಒಂದು, ಚಂದಾ ಜಾಗದಲ್ಲಿ 0 ಹಾಕಿದ್ರೆ ಖಾಲಿ ಬಿಟ್ಟಿದೀರಿ ಅಂತ ಬರ್ತಿದೆ, ಖಾಲಿನಾ ಅಂತ ಚೆಕ್ ಮಾಡೋಕೆ ಎಂಪ್ಟಿ ಫಂಕ್ಷನ್ ಹಾಕಿದೀನಿ.

ಹಳೇಹುಲಿ:
ಎಂಪ್ಟಿ ಲೆಕ್ಕದಲ್ಲಿ ಸೊನ್ನೆನೂ ಖಾಲೀನೇ. ಅದನ್ನ ತೆಗ್ದು ಮೂರು ಈಕ್ವಲ್ಸ್ (===) ಹಾಕಿ ಖಾಲಿ ಸ್ಟ್ರಿಂಗ್ (ಒಳಗೆ ಏನೂ ಇಲ್ಲದ '') ಜೊತೆ ಹೋಲ್ಸು. ಅಲ್ವೋ, ಸೊನ್ನೆ ರೂಪಾಯಿ ಚಂದಾ ಕೊಟ್ಟು ಲಿಸ್ಟಲ್ಲಿ ಹೆಸರು ಬೇರೆ ಬೇಕು ಅನ್ನೋನು ಯಾವನದು ನಿಮ್ ಬೀದೀಲಿ?