ಸಹಾಯ ಬೇಕು: 34 ಮಕ್ಕಳಿರುವ ಗಂಟಿನಲ್ಲಿ ಅತಿ ಕಡಿಮೆ ದಾಟುಗೆರೆಯ ಕ್ರಮ

ನಮಸ್ಕಾರ. ಒಂದೇ ಎಲೆಗಳಿರುವ ಎರಡು ಮರಗಳನ್ನು ಎದುರುಬದುರು ಬರೆದು, ಅದೇ ಹೆಸರಿನ ಎಲೆಗಳಿಗೆ ಗೆರೆ ಎಳೆದಾಗ ದಾಟುವ ಗೆರೆಗಳನ್ನು ಕನಿಷ್ಠ ಮಾಡಬೇಕು. ಎಡಮರದ ಕ್ರಮ ಬದಲಾಗದು; ಬಲಮರದಲ್ಲಿ ಪ್ರತಿ ಗಂಟಿನ (ಕೊಂಬೆ ಒಡೆಯುವ ಜಾಗದ) ಮಕ್ಕಳ, ಅಂದರೆ ಅಲ್ಲಿಂದ ಹೊರಡುವ ಕೊಂಬೆಗಳ, ಕ್ರಮವನ್ನಷ್ಟೇ ಬದಲಿಸಬಹುದು. ಹಾಗಾಗಿ ಬಲಮರದ ಎಲೆಸಾಲು ಒಂದು ಕ್ರಮಯೋಜನೆ, ದಾಟುಗಳೆಂದರೆ ಅದರಲ್ಲಿ ಹಿಂದುಮುಂದಾದ ಜೋಡಿಗಳು, ಅಂದರೆ ಇನ್ವರ್ಷನ್‌ಗಳು.

ಎರಡೇ ಮಕ್ಕಳಿದ್ದರೆ ಕಷ್ಟವಿಲ್ಲ. ಪ್ರತಿ ಗಂಟನ್ನೂ ಬೇರೆಬೇರೆಯಾಗಿ ತಿರುಗಿಸಿ ನೋಡಿದರೆ ಸಾಕು, ಒಂದರ ಆಯ್ಕೆ ಇನ್ನೊಂದಕ್ಕೆ ತಾಗುವುದಿಲ್ಲ. ತೊಡಕು ಹೆಚ್ಚು ಮಕ್ಕಳಿರುವ ಕಡೆ. i ಮೊದಲು, j ಆಮೇಲೆ ಬಂದರೆ ಎಷ್ಟು ದಾಟು ಎಂಬ ಪಟ್ಟಿ ಸಿದ್ಧವಿದೆ. ಅಗ್ಗವಾದ ದಿಕ್ಕಿಗೆ ಬಾಣ ಹಾಕಿ, ಪರಸ್ಪರ ತಲುಪುವ ಗುಂಪುಗಳನ್ನು ಬೇರ್ಪಡಿಸಿದ ಮೇಲೂ 34 ಮಕ್ಕಳ ಒಂದು ಗುಂಪು ಉಳಿಯುತ್ತದೆ. ಸರಾಸರಿ ಸ್ಥಾನದ ಮೇಲೆ ಜೋಡಿಸುವುದು ಬೇಡ, ಅದು ಕನಿಷ್ಠವನ್ನು ಖಾತ್ರಿಪಡಿಸುವುದಿಲ್ಲ.

ಉಪಗಣಗಳ ಡೈನಾಮಿಕ್ ಪ್ರೋಗ್ರಾಮಿಂಗ್ (ಮಕ್ಕಳ ಪ್ರತಿ ಉಪಗಣಕ್ಕೂ ಕನಿಷ್ಠ ದಾಟನ್ನು ನೆನಪಿಡುವ ವಿಧಾನ) ಬಳಸಿದರೆ 24 ಮಕ್ಕಳಿಗೆ 1,67,77,216 ಸ್ಥಿತಿ, ತಲಾ 4 ಬೈಟ್ ಎಂದರೆ 64 ಎಂಬಿ. 34ಕ್ಕೆ 64 ಜಿಬಿ! ಹಾಗಾಗಿ ಪೂರ್ಣಾಂಕ ಪ್ರೋಗ್ರಾಮಿಂಗ್: ಯಾರು ಮೊದಲು ಎಂದು 0 ಅಥವಾ 1ರಲ್ಲಿ ಹೇಳುವ, ಜೋಡಿಗೊಂದರಂತೆ 561 ಚರಗಳು, ಮೂರರ ಸುತ್ತು (i ಆದಮೇಲೆ j, j ಆದಮೇಲೆ k, k ಆದಮೇಲೆ ಮತ್ತೆ i) ತಡೆಯಲು 11,968 ನಿರ್ಬಂಧಗಳು. ಭಿನ್ನರಾಶಿಗೂ ಅವಕಾಶ ಕೊಟ್ಟು ಸಡಿಲಿಸಿದ ರೂಪದಲ್ಲಿ ಹಲವು ಚರಗಳು 0.5ರಲ್ಲೇ ನಿಲ್ಲುತ್ತಿವೆ, ಹುಡುಕಾಟದ ಶಾಖೆಗಳು ಬೆಳೆಯುತ್ತಲೇ ಹೋಗುತ್ತಿವೆ.

ಕೇಳಬೇಕಾದ್ದು ಇಷ್ಟು: ಇಂಥ ಭಿನ್ನರಾಶಿ ಉತ್ತರಗಳನ್ನು ಕತ್ತರಿಸುವ ಹೆಚ್ಚುವರಿ ನಿರ್ಬಂಧಗಳಾದ ಮೋಬಿಯಸ್ ಲ್ಯಾಡರ್ ಕಟ್‌ಗಳನ್ನು ಹುಡುಕುವ ಕೋಡನ್ನು ಇಂಥ ಲೆಕ್ಕ ಬಿಡಿಸುವ ತಂತ್ರಾಂಶಗಳಾದ ಹೈಗ್ಸ್ (HiGHS) ಅಥವಾ ಸಿಬಿಸಿ (CBC) ಜೊತೆ ಯಾರಾದರೂ ಬಳಸಿದ್ದೀರಾ? ನಿರ್ಬಂಧಗಳನ್ನು ಒಟ್ಟಿಗೇ ಕೊಡುವುದು ಒಳ್ಳೆಯದೋ, ಮುರಿದಾಗ ಮಾತ್ರ ಸೇರಿಸುವುದೋ? ಬೆಂಗಳೂರಿನವರಾದರೆ ಜಯನಗರ, ಬಸವನಗುಡಿ ಕಡೆ ಭಾನುವಾರ ಕೂತು ಮಾತಾಡಬಹುದು. ದಾಟುಗಳ ಪಟ್ಟಿ ಕೇಳಿದವರಿಗೆ ಕಳಿಸುತ್ತೇನೆ.